ಕೂಗು ಕೇಳಿಸಲಿಲ್ಲ ಎಂದವನು

ಬ್ರೆಜಿಲ್ ದೇಶದ ಉತ್ತರದಲ್ಲಿ, ಆಚೆ ದಡವೇ ಕಾಣದಷ್ಟು ಅಗಲವಾದ ಒಂದು ನದಿಯ ಪಕ್ಕದ ಊರಿನಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ಒಡಾಯಿರ್, ಇನ್ನೊಬ್ಬ ಬೆನೆದಿತೊ. ಇಬ್ಬರೂ ನಡೆಯಲು ಕಲಿತಾಗಿನಿಂದ ಫುಟ್‌ಬಾಲ್ ಆಡಿದವರು. ಅವರ ಊರಿನಲ್ಲಿ ಹುಲ್ಲಿನ ಮೈದಾನ ಇರಲಿಲ್ಲ. ನದಿಯ ನೀರು ಇಳಿದು ಹಿಂದೆ ಸರಿದಾಗ ಬಯಲಾಗುವ ಕೆಸರೇ ಅವರ ಮೈದಾನ. ನೀರು ಮತ್ತೆ ಏರಿ ಬಂದರೆ ಆಟ ಮುಗಿಯಿತು, ಗೆಲ್ಲುತ್ತಿದ್ದವರೂ ಸೋಲುತ್ತಿದ್ದವರೂ ಒಟ್ಟಿಗೆ ಮನೆಗೆ.

ಕೆಸರಿನಲ್ಲಿ ಆಡುವವನು ತಲೆ ಎತ್ತಿ ನೋಡುವ ಹಾಗಿಲ್ಲ ಮಕ್ಕಳೇ. ಚೆಂಡು ಎಲ್ಲಿ ಹೂತುಕೊಂಡೀತು, ಎಲ್ಲಿ ಜಾರೀತು ಎಂದು ಕಣ್ಣು ಸದಾ ಕಾಲಿನ ಬಳಿ ಇರಬೇಕು. ಹಿಂದಿನಿಂದ ಯಾರಾದರೂ ಚೆಂಡು ಕಸಿಯಲು ಬಂದರೆ ಅವನಿಗೆ ಕಾಣುವುದಿಲ್ಲ. ಅದಕ್ಕೆ ಆ ದೇಶದ ಆಟಗಾರರಲ್ಲಿ ಒಂದು ರೂಢಿ ಇದೆ. ಹಾಗೆ ಬರುವವನನ್ನು ಕಂಡ ಜೊತೆಗಾರ 'ಲದ್ರಾಂವ್' ಎಂದು ಕೂಗುತ್ತಾನೆ. ಅವರ ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ಕಳ್ಳ. ನಿನ್ನ ಬೆನ್ನ ಹಿಂದೆ ಕಳ್ಳ ಬಂದಿದ್ದಾನೆ, ಚೆಂಡು ಬಿಟ್ಟುಕೊಡು ಎಂದು ಅರ್ಥ. ಅದು ಬೈಗುಳವಲ್ಲ, ಎಚ್ಚರಿಕೆ.

ಒಡಾಯಿರ್ ನಡುಮೈದಾನದ ಆಟಗಾರ. ತಮ್ಮ ಗೋಲಿನ ಕಡೆ ಮುಖ ಮಾಡಿ ನಿಂತು, ಹಿಂದಿನವರಿಂದ ಚೆಂಡು ತೆಗೆದುಕೊಂಡು, ತಿರುಗಿ ಮುಂದಿನವರಿಗೆ ಒಪ್ಪಿಸುವುದು ಅವನ ಕೆಲಸ. ಎದುರಾಳಿಗಳೆಲ್ಲ ಅವನ ಬೆನ್ನಿಗೆ. ಬೆನೆದಿತೊ ಗೋಲ್‌ಕೀಪರ್‌ನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಕಾವಲಿನವನು. ಅವನಿಗೆ ಒಡಾಯಿರ್‌ನ ಮುಖವೂ, ಆ ಮುಖದ ಹಿಂದೆ ಓಡಿ ಬರುತ್ತಿರುವವನೂ ಒಟ್ಟಿಗೆ ಕಾಣುತ್ತಿದ್ದರು. ಅವನು ಕೂಗುತ್ತಿದ್ದ, ಇವನು ಚೆಂಡು ಬಿಡುತ್ತಿದ್ದ. ನಿಜ ಹೇಳಬೇಕೆಂದರೆ ಬೆನೆದಿತೊಗೆ ಆಟ ಅಷ್ಟಕ್ಕಷ್ಟೇ. ಓಟ ನಿಧಾನ, ಎಡಗಾಲು ಲೆಕ್ಕಕ್ಕಿಲ್ಲ. ಆದರೆ ಗಂಟಲು ಮಾತ್ರ ದೇವರು ಕೊಟ್ಟದ್ದು. ಅವನು ಕೂಗಿದರೆ ನದಿಯಲ್ಲಿ ಮೀನು ಹಿಡಿಯುವವರೂ ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು.

ಒಡಾಯಿರ್‌ನ ಆಟದ ಸುದ್ದಿ ದೂರದವರೆಗೆ ಹೋಯಿತು. ಫಾಗುಂಡೆಸ್ ಎಂಬ ಏಜೆಂಟ್ ಅವನನ್ನು ಹುಡುಕಿಕೊಂಡು ಬಂದ. ಬ್ರೆಜಿಲ್‌ನ ಹುಡುಗರನ್ನು ಯೂರೋಪಿನ ಕ್ಲಬ್‌ಗಳಿಗೆ ಸೇರಿಸುವುದು ಅವನ ಕಸುಬು. ಬೂಟಿಗೆ ಕೆಸರು ತಾಗದ ಹಾಗೆ ದಡದ ಹಲಗೆಯ ಮೇಲೆ ನಿಂತುಕೊಂಡೇ ಅವನು ಇಡೀ ಆಟ ನೋಡಿದ.

"ಪೋರ್ಚುಗಲ್‌ನಲ್ಲಿ ಒಂದು ಕ್ಲಬ್ ಇದೆ. ನೀನು ಹೊರಡು" ಎಂದ.

"ಬೆನೆನೂ ಬರ್ತಾನಾ?" ಎಂದು ಒಡಾಯಿರ್ ಕೇಳಿದ.

"ಅವನು ಯಾಕಪ್ಪ? ಅವನಂಥವನು ಅಲ್ಲಿ ಬೀದಿಗೊಬ್ಬ ಸಿಗ್ತಾನೆ."

"ಹಾಗಾದ್ರೆ ನಾನೂ ಬರಲ್ಲ. ಅವನು ಹಿಂದೆ ಇದ್ರೇನೇ ನನಗೆ ಆಡೋಕೆ ಬರೋದು."

ಆಗ ಅವನು ಅಂಥ ಹುಡುಗ. ಇದನ್ನು ಮರೆಯದೆ ಹೇಳುತ್ತಿದ್ದೇನೆ, ಏಕೆಂದರೆ ಕೆಟ್ಟವರಾಗಿ ಹುಟ್ಟಿದವರು ಕೆಟ್ಟ ಕೆಲಸ ಮಾಡಿದ ಕಥೆಯಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಫಾಗುಂಡೆಸ್ ಗೊಣಗುತ್ತಲೇ ಇಬ್ಬರನ್ನೂ ವಿಮಾನ ಹತ್ತಿಸಿದ.

ಪೋರ್ಚುಗಲ್‌ನ ಆ ಊರು ಸಮುದ್ರದ ಬದಿಯ ಗುಡ್ಡದ ಮೇಲಿತ್ತು. ವರ್ಷವಿಡೀ ಗಾಳಿ. ಚಳಿ ಎಂದರೆ ಏನೆಂದೇ ತಿಳಿಯದ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಮಲಗುತ್ತಿದ್ದರು. ಬೆನೆದಿತೊ ಅನ್ನ ಮಾಡಿದರೆ ಒಮ್ಮೆ ಗಂಜಿ, ಇನ್ನೊಮ್ಮೆ ಗುಂಡು ಕಲ್ಲು. ಒಡಾಯಿರ್ ಅದನ್ನೇ ತಿಂದು, "ನಿನ್ನ ಕೈ ಅಡುಗೆಗಿಂತ ನಮ್ಮೂರ ಕೆಸರೇ ರುಚಿ ಕಣೋ" ಎಂದು ಕಾಡಿಸುತ್ತಿದ್ದ. ಮೈದಾನದಲ್ಲಿ ಮಾತ್ರ ಎಲ್ಲವೂ ಊರಿನಲ್ಲಿದ್ದ ಹಾಗೆಯೇ ನಡೆಯಿತು. ಬೆನೆದಿತೊ 'ಕಳ್ಳ' ಎಂದು ಕೂಗುವನು, ಒಡಾಯಿರ್ ಚೆಂಡು ಬಿಡುವನು. ಬೆನ್ನಿನಲ್ಲೂ ಕಣ್ಣಿರುವ ಆಟಗಾರ ಎಂದು ಪತ್ರಿಕೆಯವರು ಒಡಾಯಿರ್‌ನನ್ನು ಹೊಗಳಿದರು. ಆ ಕಣ್ಣು ಯಾರದು ಎಂದು ಒಬ್ಬರೂ ಕೇಳಲಿಲ್ಲ. ಒಡಾಯಿರ್ ತಾನಾಗಿ ಹೇಳಲೂ ಇಲ್ಲ.

ಮೂರನೆಯ ವರ್ಷ ಜರ್ಮನಿಯ ಒಂದು ದೊಡ್ಡ ಕ್ಲಬ್‌ನವರ ಕಣ್ಣು ಒಡಾಯಿರ್ ಮೇಲೆ ಬಿತ್ತು. ಮಾತುಕತೆ ಮುಗಿಯುತ್ತ ಬಂದಿತ್ತು. ಸಹಿ ಒಂದು ಬಾಕಿ. ಅಷ್ಟರಲ್ಲಿ ಒಂದು ಪಂದ್ಯ ಬಂತು.

ಆ ಪಂದ್ಯದಲ್ಲಿ ರೆಫರಿ ಇವರ ತಂಡದ ವಿರುದ್ಧ ಒಂದು ಪೆನಾಲ್ಟಿ ಕೊಟ್ಟ. ಅದು ಸರಿಯೋ ತಪ್ಪೋ ಅವನಿಗೇ ಅನುಮಾನವಿದ್ದಂತೆ ಕಾಣುತ್ತಿತ್ತು. ಜನ ಕೂಗಾಡಿದರು. ಎದುರಾಳಿಗಳು ಗೋಲು ಹೊಡೆದರು. ಆಟ ಮತ್ತೆ ಶುರುವಾಯಿತು. ಚೆಂಡು ಒಡಾಯಿರ್ ಬಳಿ ಬಂತು, ಹಿಂದಿನಿಂದ ಒಬ್ಬ ನುಗ್ಗಿ ಬಂದ. ಬೆನೆದಿತೊ ತನ್ನ ಕೆಲಸ ತಾನು ಮಾಡಿದ. "ಕಳ್ಳ, ಕಳ್ಳ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಒಡಾಯಿರ್ ಕೂಡಲೇ ಚೆಂಡು ಬಿಟ್ಟ. ನುಗ್ಗಿ ಬಂದವನ ಕಾಲು ಗಾಳಿಗೆ ಬೀಸಿತು. ಒಂದು ಚಣ ತಡವಾಗಿದ್ದರೆ ಒಡಾಯಿರ್‌ನ ಕಾಲೇ ಮುರಿಯುತ್ತಿತ್ತು.

ಆದರೆ ಅವರಿಬ್ಬರ ನಡುವೆ ರೆಫರಿ ನಿಂತಿದ್ದ. ಅವನ ಬೆನ್ನು ಬೆನೆದಿತೊ ಕಡೆಗಿತ್ತು. ಅವನೂ ಪೋರ್ಚುಗೀಸ್ ಮಾತನಾಡುವವನೇ, ಕಳ್ಳ ಎಂದರೆ ಏನೆಂದು ಚೆನ್ನಾಗಿ ತಿಳಿದವನೇ. ಬ್ರೆಜಿಲ್ ಆಟಗಾರರ ಈ ರೂಢಿ ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಹಾಗಾಯಿತು. ಗರಕ್ಕನೆ ತಿರುಗಿ ಬೆನೆದಿತೊಗೆ ಕೆಂಪು ಕಾರ್ಡ್ ತೋರಿಸಿದ.

ಬೆನೆದಿತೊಗೆ ಏನೂ ಅರ್ಥವಾಗಲಿಲ್ಲ. "ಸಾರ್, ನಿಮಗಲ್ಲ ಸಾರ್, ಅವನಿಗೆ ಹೇಳಿದ್ದು" ಎನ್ನುತ್ತ ಹತ್ತಿರ ಬಂದು ರೆಫರಿಯ ತೋಳು ಹಿಡಿದ. ತೋಳು ಹಿಡಿದದ್ದು ಇನ್ನೊಂದು ತಪ್ಪಾಯಿತು. ಇಷ್ಟು ಸಾಲದು ಎಂಬಂತೆ ಜನರೆಲ್ಲ ಸೇರಿ ರೆಫರಿಯನ್ನು ನೋಡಿ "ಕಳ್ಳ, ಕಳ್ಳ" ಎಂದು ಹಾಡಲು ತೊಡಗಿದರು. ಯಾರೋ ಎಸೆದ ಬಾಟಲಿ ರೆಫರಿಯ ಹಣೆಗೆ ಬಿದ್ದು ರಕ್ತ ಬಂತು. ಮರುದಿನ ಪತ್ರಿಕೆಯ ತುಂಬ ಅದೇ ಸುದ್ದಿ. ಎಲ್ಲದಕ್ಕೂ ಕಾರಣ ಬೆನೆದಿತೊ ಎಂದಾಯಿತು.

ಶಿಸ್ತು ಸಮಿತಿಯವರು ವಿಚಾರಣೆಗೆ ಕರೆದರು. ಬೆನೆದಿತೊ ನಡೆದದ್ದನ್ನು ನಡೆದ ಹಾಗೆ ಹೇಳಿದ. ಸಮಿತಿಯ ಹಿರಿಯರು ಕೆಟ್ಟವರಲ್ಲ. "ಬ್ರೆಜಿಲ್‌ನವರು ಹಾಗೆ ಕೂಗೋದುಂಟು ಅಂತ ನಮಗೂ ಗೊತ್ತು. ಆದರೆ ಅವತ್ತು ಕೂಗಿದ್ದು ಗೆಳೆಯನಿಗೋ ರೆಫರಿಗೋ ಅನ್ನೋದು ತಿಳೀಬೇಕಲ್ಲ. ಒಡಾಯಿರ್ ಬಂದು ಹೇಳಲಿ. ಅವನು ಹೌದು ಅಂದ್ರೆ ಇದು ಇಲ್ಲಿಗೆ ಮುಗೀತು" ಎಂದರು.

ಬೆನೆದಿತೊ ನಗುನಗುತ್ತ ಕೋಣೆಗೆ ಬಂದ. "ನಿನ್ನ ಒಂದು ಮಾತಿದ್ರೆ ಸಾಕಂತೆ ಕಣೋ" ಎಂದು ಹೇಳಿ, ಆ ದಿನ ಅನ್ನವನ್ನು ಎಂದಿಗಿಂತ ಚೆನ್ನಾಗಿ ಮಾಡಿದ.

ಆದರೆ ವಿಚಾರಣೆಯ ದಿನ ಬೆಳಿಗ್ಗೆ ಫಾಗುಂಡೆಸ್ ಬಂದು ಒಡಾಯಿರ್‌ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡ.

"ನೋಡಪ್ಪ, ರೆಫರಿಗೆ ರಕ್ತ ಬಂದಿದೆ. ಜರ್ಮನಿಯವರು ಇಂಥದಕ್ಕೆಲ್ಲ ತುಂಬಾ ಹೆದರ್ತಾರೆ. ಈ ಗಲಾಟೇಲಿ ನಿನ್ನ ಹೆಸರು ಬಂತೋ, ಅವರು ಬೇರೆ ಹುಡುಗನ್ನ ನೋಡ್ಕೋತಾರೆ."

"ಅವನು ಕೂಗಿದ್ದು ನನಗೇ ಅಲ್ವಾ?"

"ಇರಬಹುದು. ಸುಳ್ಳು ಹೇಳು ಅಂತ ನಾನೆಲ್ಲಿ ಹೇಳಿದೆ? ಅವನು ರೆಫರಿಗೆ ಬೈದ ಅಂತ ನೀನು ಹೇಳಬೇಡ. ಗಾಳಿ ಜೋರಿತ್ತು, ನನಗೇನೂ ಕೇಳಿಸಲಿಲ್ಲ ಅನ್ನು, ಸಾಕು. ನಿನ್ನ ಕಿವಿಗೆ ಏನು ಬಿತ್ತು ಏನು ಬೀಳಲಿಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?"

ಸುಳ್ಳಿಗೆ ಇಷ್ಟು ನಾಜೂಕಾಗಿ ಬಟ್ಟೆ ತೊಡಿಸುವವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಅವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದು ಅವರ ಹೊಟ್ಟೆಪಾಡು. ಆದರೆ ಗೆಳೆಯನ ಅನ್ನ ತಿಂದು ಬಂದವನು ಕಾರಿನಲ್ಲಿ ಕೂತು ಅದನ್ನು ಕೇಳಿಸಿಕೊಂಡನಲ್ಲ, ಅದಕ್ಕೆ ಏನನ್ನಬೇಕು?

ಸಮಿತಿಯ ಮುಂದೆ ಒಡಾಯಿರ್ ನಿಂತ. ಬೆನೆದಿತೊ ಪಕ್ಕದ ಬೆಂಚಿನಲ್ಲಿ ಕೂತಿದ್ದ.

"ಅವತ್ತು ಈತ ಕೂಗಿದ್ದು ನಿನಗೇನಪ್ಪ? ಆ ಕೂಗು ಕೇಳಿ ನೀನು ಚೆಂಡು ಬಿಟ್ಟೆಯಾ?" ಎಂದು ಹಿರಿಯರು ಕೇಳಿದರು.

ಒಡಾಯಿರ್ ಮೇಜನ್ನು ನೋಡುತ್ತ ನಿಂತ. ಜರ್ಮನಿಯ ದೊಡ್ಡ ಮೈದಾನ ಅವನ ಕಣ್ಣ ಮುಂದೆ ಬಂತು. ಹೌದು ಎನ್ನಲು ಹೊರಟಿದ್ದ ಬಾಯಿ ಅಲ್ಲೇ ನಿಂತಿತು.

"ಗಾಳಿ ಜೋರಿತ್ತು ಸಾರ್. ನನಗೆ ಏನೂ ಕೇಳಿಸಲಿಲ್ಲ" ಎಂದ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಬೇರೆ ದಾರಿ ಇರಲಿಲ್ಲ. ಬೆನೆದಿತೊ ಒಂದು ವರ್ಷ ಎಲ್ಲೂ ಆಡಬಾರದು ಎಂದು ತೀರ್ಮಾನ ಮಾಡಿದರು. ಆಡಬಾರದವನಿಗೆ ಊಟ ಹಾಕಲು ಕ್ಲಬ್‌ನವರಿಗೆ ಹುಚ್ಚೇ? ಅದೇ ವಾರ ಅವನನ್ನು ಕೈಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಒಡಾಯಿರ್ ಗೆಳೆಯನ ಮುಖ ನೋಡದೆ ಹೇಳಿದ, "ನಿಜವಾಗ್ಲೂ ಕೇಳಿಸಲಿಲ್ಲ ಕಣೋ ಬೆನೆ. ಹಿಂದೆ ಯಾರೋ ಬಂದ ಹಾಗೆ ಅನ್ನಿಸ್ತು, ಚೆಂಡು ಬಿಟ್ಟೆ ಅಷ್ಟೇ."

ಬೆನೆದಿತೊ ಅವನ ಕಡೆ ತಿರುಗಿದ. "ಕೇಳಿಸದೆ ಇದ್ರೆ ನೀನಾದ್ರೂ ಏನು ಮಾಡ್ತೀಯ, ಬಿಡು. ಜರ್ಮನಿಯಲ್ಲಿ ಹುಷಾರಾಗಿರು" ಎಂದ.

ಬೆನೆದಿತೊ ಊರಿಗೆ ಹೋದ. ಒಡಾಯಿರ್ ಜರ್ಮನಿಗೆ ಹೋದ.

ಈಗ ನೀವು ಕಾಯುತ್ತಿರುವುದು ನನಗೆ ಗೊತ್ತು. ಸುಳ್ಳು ಹೇಳಿದವನಿಗೆ ದೇವರು ಕೂಡಲೇ ಬುದ್ಧಿ ಕಲಿಸಿದ ಎಂದು ನಾನು ಹೇಳಬೇಕು, ನೀವು ನೆಮ್ಮದಿಯಿಂದ ಈ ಕಥೆಯನ್ನು ಹತ್ತು ಜನರಿಗೆ ಕಳಿಸಬೇಕು. ಹಾಗೇನೂ ಆಗಲಿಲ್ಲ. ಮೊದಲ ವರ್ಷ ಅವನು ಬಹಳ ಚೆನ್ನಾಗಿ ಆಡಿದ. ಗೋಡೆಗಳ ಮೇಲೆ ಅವನ ಚಿತ್ರ ಬರೆದರು. ಮಕ್ಕಳು ಅವನ ಹೆಸರಿನ ಅಂಗಿ ತೊಟ್ಟರು. ದೇವರು ತನ್ನ ಪಾಡಿಗೆ ತಾನಿದ್ದ.

ಕೆಟ್ಟದ್ದು ನಿಧಾನವಾಗಿ ಬಂತು. ಹೊಸ ಜೊತೆಗಾರರೂ ಎಚ್ಚರಿಕೆ ಕೂಗುತ್ತಿದ್ದರು, ಅವರ ಭಾಷೆಯಲ್ಲಿ. ಆ ಶಬ್ದಗಳನ್ನು ಒಡಾಯಿರ್ ಬೇಗ ಕಲಿತ. ಆದರೆ ಕಲಿಯುವುದು ಬೇರೆ, ನಂಬುವುದು ಬೇರೆ. ಚೆಂಡು ಕಾಲಿಗೆ ಬಂದ ಕೂಡಲೇ ಅವನಿಗೊಂದು ಯೋಚನೆ ಬರತೊಡಗಿತು: ಇವರು ನಿಜವಾಗಿ ಹೇಳುತ್ತಾರೆಯೇ? ನಾನು ಬಾಯಿ ಮುಚ್ಚಿಕೊಂಡ ಹಾಗೆ ಇವರೂ ಮುಚ್ಚಿಕೊಂಡರೆ? ತಾನು ಮಾಡಿದ್ದನ್ನೇ ಪರರೂ ಮಾಡುತ್ತಾರೆ ಎಂಬ ಭಯ ದೊಡ್ಡ ಭಯ ಮಕ್ಕಳೇ. ಅದಕ್ಕೆ ಮದ್ದಿಲ್ಲ.

ಹಾಗಾಗಿ ಅವನು ಕುತ್ತಿಗೆ ತಿರುಗಿಸಿ ಹಿಂದೆ ನೋಡತೊಡಗಿದ. ಚೆಂಡು ಬರುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಬಿಡುವ ಮೊದಲು ಇನ್ನೊಮ್ಮೆ. ಮೊದಲ ನೋಟ ಒಳ್ಳೆಯ ಆಟಗಾರನ ಲಕ್ಷಣ. ಉಳಿದೆರಡು ಹೆದರಿದವನ ಲಕ್ಷಣ. ನೋಡುತ್ತಿರುವಾಗಲೇ ಚೆಂಡು ಕಾಲಿನಿಂದ ಜಾರುತ್ತಿತ್ತು. "ಈ ಹುಡುಗನಿಗೆ ಏನಾಯ್ತು? ಮುಂದೆ ನೋಡಿ ಆಡೋದನ್ನೇ ಮರೆತಿದ್ದಾನೆ" ಎಂದು ತರಬೇತುದಾರ ಹೇಳಿದ. ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಇಟಲಿಯ ಒಂದು ಕ್ಲಬ್‌ಗೆ ಎರವಲು ಕೊಟ್ಟರು. ಅಲ್ಲಿಯವರು ಟರ್ಕಿಗೆ ದಾಟಿಸಿದರು. ಊರಿನಿಂದ ಊರಿಗೆ ಹೋಗುತ್ತ ಮೈದಾನಗಳು ಚಿಕ್ಕವಾದವು, ಬಂದು ನೋಡುವ ಜನ ಕಡಿಮೆಯಾದರು. ಫಾಗುಂಡೆಸ್ ಫೋನ್ ಎತ್ತುವುದನ್ನು ನಿಲ್ಲಿಸಿದ. ಅವನಿಗೆ ಆ ವೇಳೆಗೆ ಕೆಸರಿನಲ್ಲಿ ಇನ್ನೊಬ್ಬ ಹುಡುಗ ಸಿಕ್ಕಿದ್ದ.

ಟರ್ಕಿಯಲ್ಲಿ ಒಂದು ಪಂದ್ಯದಲ್ಲಿ, ಹಿಂದೆ ನೋಡಲೆಂದು ಅವನು ಅರ್ಧ ತಿರುಗಿದ್ದಾಗ ಬಲಮಂಡಿ ತಿರುಚಿತು. ಯಾರೂ ತಾಗಿರಲಿಲ್ಲ. ಹಿಂದೆ ಯಾರೂ ಇರಲೂ ಇಲ್ಲ. ಇದನ್ನು ಪಾಪದ ಫಲ ಎನ್ನಬೇಡಿ. ಮಂಡಿಗೆ ಪಾಪ ಪುಣ್ಯ ಗೊತ್ತಿಲ್ಲ. ವೈದ್ಯರು ಎರಡು ಸಲ ಕೊಯ್ದು ಹೊಲಿದು, ಇನ್ನು ಆಟ ಸಾಕು ಎಂದರು.

ಹನ್ನೆರಡು ವರ್ಷಗಳ ನಂತರ ಒಡಾಯಿರ್ ಪಟ್ಟಣದಿಂದ ದೋಣಿಯಲ್ಲಿ ಊರಿಗೆ ಬಂದ, ಕುಂಟುತ್ತ. ಅವನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಊರಿನಲ್ಲಿ ಅವನಿಗೆ ಉಳಿದದ್ದು ಒಂದೇ ಕೆಲಸ. ಬೆನೆದಿತೊಗೆ ನಿಜ ಹೇಳಿ ಕ್ಷಮೆ ಕೇಳಬೇಕು, ಎದೆ ಹಗುರ ಮಾಡಿಕೊಳ್ಳಬೇಕು.

ಬೆನೆದಿತೊ ದೋಣಿಕಟ್ಟೆಯ ಬಳಿ ಸಣ್ಣ ಅಂಗಡಿ ಇಟ್ಟಿದ್ದ. ಆ ಕಡೆ ಒಂದು ಜಾತಿಯ ತಾಳೆ ಮರದಲ್ಲಿ ನೇರಳೆ ಬಣ್ಣದ ಹಣ್ಣು ಬಿಡುತ್ತದೆ. ಅದನ್ನು ಅರೆದು ತಿರುಳು ತೆಗೆದು, ಹುರಿದ ಮೀನಿನ ಜೊತೆ ಉಣ್ಣುತ್ತಾರೆ. ಆ ತಿರುಳು ಮಾರುವ ಅಂಗಡಿ. ಒಡಾಯಿರ್‌ನನ್ನು ಕಂಡದ್ದೇ ಬೆನೆದಿತೊ ಕೈ ಒರೆಸಿಕೊಂಡು ಓಡಿ ಬಂದು ತಬ್ಬಿಕೊಂಡ. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

"ಲೋ, ಬಂದ್ಯಾ? ಕಾಲಿಗೆ ಏನಾಯ್ತೋ? ಕೂತ್ಕೋ. ಇವತ್ತಿನ ಹಣ್ಣು ಚೆನ್ನಾಗಿದೆ, ಒಂದು ಬಟ್ಟಲು ಉಣ್ಣು."

ಬಟ್ಟಲು ತುಂಬಿಸಿ ಮುಂದಿಟ್ಟ. ಮೀನು ತಂದಿಟ್ಟ. ಒಡಾಯಿರ್‌ಗೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ.

"ಒಂದು ವರ್ಷ ಕಳೆದ ಮೇಲೆ ನೀನು ಮತ್ತೆ ಆಡ್ತೀಯ ಅಂದುಕೊಂಡಿದ್ದೆ. ಯಾರೂ ಕರೀಲಿಲ್ವಾ?" ಎಂದು ಕೇಳಿದ.

"ಕರೆದ್ರು. ಪಟ್ಟಣದ ಕ್ಲಬ್‌ನವರು ಎರಡು ಸಲ ಮನೆಗೇ ಬಂದಿದ್ರು. ನಾನೇ ಒಪ್ಪಲಿಲ್ಲ."

"ಯಾಕೋ?"

ಬೆನೆದಿತೊ ಹಣ್ಣು ತೊಳೆಯುತ್ತ ಹೇಳಿದ, "ಇನ್ಯಾಕೆ? ನನಗೆ ಓಡೋಕೆ ಬರ್ತಿತ್ತಾ? ಎಡಗಾಲಲ್ಲಿ ಒದೆಯೋಕೆ ಬರ್ತಿತ್ತಾ? ಇದ್ದದ್ದು ಗಂಟಲು ಒಂದೇ. ಅವತ್ತು ಅಷ್ಟು ಹತ್ತಿರದಿಂದ ಕೂಗಿದ್ದು ನಿನಗೆ ಕೇಳಿಸಲಿಲ್ಲ ಅಂದೆಯಲ್ಲ, ಆಗಲೇ ಗೊತ್ತಾಯ್ತು, ಗಂಟಲೂ ಹೋಯ್ತು ಅಂತ. ನಿನ್ನ ಕಾಲು ಉಳಿದದ್ದು ದೇವರ ದಯೆ. ಇನ್ನೊಬ್ಬ ಹುಡುಗ ನನ್ನ ಕೂಗು ನಂಬ್ಕೊಂಡು ಕಾಲು ಮುರ್ಕೊಂಡ್ರೆ ಏನು ಗತಿ ಅಂತ ಬಿಟ್ಟುಬಿಟ್ಟೆ."

ಇಷ್ಟು ಹೇಳಿ ಸ್ವಲ್ಪ ನಕ್ಕ. "ನಿನ್ನ ಮೇಲೆ ಬೇಜಾರಿಲ್ಲಪ್ಪ. ನೀನು ಕೇಳಿಸದ್ದನ್ನ ಕೇಳಿಸ್ತು ಅಂತ ಹೇಳೋಕಾಗುತ್ತಾ? ನನ್ನ ಹೆಂಡತಿ ಇವತ್ತಿಗೂ ನಿನ್ನನ್ನ ಬೈತಾಳೆ. ಅವನು ಸುಳ್ಳು ಹೇಳೋನಲ್ಲ ಕಣೇ ಅಂತ ನಾನೇ ಅವಳ ಬಾಯಿ ಮುಚ್ಚಿಸ್ತೀನಿ."

ಒಡಾಯಿರ್‌ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕ್ಷಮೆ ಕೇಳಲು ಬಂದವನು ತಾನು ಮಾಡಿದ್ದು ಏನೆಂದು ಅಲ್ಲಿ ಕೂತ ಮೇಲೆ ತಿಳಿದ. ಗೆಳೆಯನ ಒಂದು ವರ್ಷ ಹೋಯಿತು ಎಂದಷ್ಟೇ ಅವನು ಎಣಿಸಿದ್ದ. ಆದರೆ ಬೆನೆದಿತೊಗೆ ತನ್ನ ಮೇಲೆಯೇ ಇದ್ದ ನಂಬಿಕೆ ಹೋಗಿತ್ತು. ಈಗ ಸುಮ್ಮನಿದ್ದರೆ ಬೆನೆದಿತೊ ಸಾಯುವವರೆಗೂ ತನ್ನ ಗಂಟಲನ್ನೇ ಹಳಿದುಕೊಳ್ಳುತ್ತಾನೆ. ಹೇಳಿದರೆ ತನಗೆ ಉಳಿದಿರುವ ಒಬ್ಬ ಗೆಳೆಯನೂ ಇಲ್ಲವಾಗುತ್ತಾನೆ. ಅತ್ತ ದರಿ, ಇತ್ತ ಪುಲಿ.

"ಬೆನೆ," ಎಂದ. "ನಿನ್ನ ಗಂಟಲು ಚೆನ್ನಾಗೇ ಇತ್ತು. ನನಗೆ ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು."

ಬೆನೆದಿತೊ ತೊಳೆಯುತ್ತಿದ್ದ ಕೈ ನಿಲ್ಲಿಸಿದ. ಒಡಾಯಿರ್ ಅಳುತ್ತ, ಅವತ್ತು ಕಾರಿನಲ್ಲಿ ನಡೆದದ್ದು, ಜರ್ಮನಿಯ ಆಸೆ, ತನ್ನ ಹೆದರಿಕೆ ಎಲ್ಲವನ್ನೂ ಹೇಳಿದ. ತಪ್ಪಾಯಿತು ಎಂದ, ಕೈ ಹಿಡಿಯಲು ಹೋದ. ಬೆನೆದಿತೊ ಕೈ ಕೊಡಲಿಲ್ಲ, ಬೈಯಲೂ ಇಲ್ಲ. ಒಂದು ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ನೇರಳೆ ಬಣ್ಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೂ ಒರೆಸುತ್ತಲೇ ಇದ್ದ.

ನಮ್ಮಲ್ಲಿ ಇರುವ ಹಾಗೆ ಅವರ ಭಾಷೆಯಲ್ಲೂ ಹತ್ತಿರದವರಿಗೆ 'ನೀನು' ಎಂಬ ಮಾತು, ಹೊರಗಿನವರಿಗೆ 'ನೀವು' ಎಂಬ ಮಾತು ಇದೆ.

"ಊಟ ಮುಗಿಸಿ ಹೋಗಿ," ಎಂದ ಬೆನೆದಿತೊ. "ದೋಣಿ ಹೊರಡೋ ಹೊತ್ತಾಯ್ತು. ಇಲ್ಲಾಂದ್ರೆ ನಿಮಗೆ ತಪ್ಪಿಹೋಗುತ್ತೆ."

ಒಡಾಯಿರ್ ಊಟ ಮುಗಿಸಿದ. ಒಂದು ತುತ್ತೂ ಬಿಡಲಿಲ್ಲ, ಬಿಟ್ಟು ಏಳಲು ಅವನಿಗೆ ಧೈರ್ಯವಾಗಲಿಲ್ಲ. ಆಮೇಲೆ ಕುಂಟುತ್ತ ಕಟ್ಟೆ ಇಳಿದು ದೋಣಿ ಹತ್ತಿದ. ಬೆನೆದಿತೊ ಅಂಗಡಿಯೊಳಗೆ ಹೋಗಿ ಹೆಂಡತಿಗೆ ಹೇಳಿದ, "ನೀನು ಹೇಳ್ತಿದ್ದದ್ದೇ ಸರಿ ಕಣೇ." ಅವಳು ಏನು, ಯಾವುದು ಎಂದು ಎಷ್ಟು ಕೇಳಿದರೂ ಅವನು ಮತ್ತೆ ಬಾಯಿ ಬಿಡಲಿಲ್ಲ.

ನೀತಿ: ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವುದೂ, ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನುವುದೂ ಸುಳ್ಳೇ. ನಮ್ಮನ್ನು ನಂಬಿದವನು ಆ ಸುಳ್ಳನ್ನೂ ನಂಬಿ, ತಪ್ಪನ್ನು ತನ್ನ ಮೇಲೆಯೇ ಹಾಕಿಕೊಳ್ಳುತ್ತಾನೆ. ಗೆಳೆಯನ ಪರವಾಗಿ ನಿಜ ಹೇಳುವುದಕ್ಕೆ ಒಂದು ಹೊತ್ತಿದೆ. ಅದು ಮೀರಿದ ಮೇಲೆಯೂ ಹೇಳಲೇಬೇಕು, ಆದರೆ ಆಗ ಅದಕ್ಕೆ ಬದಲಾಗಿ ಕ್ಷಮೆ ಸಿಗುತ್ತದೆ ಎಂದು ಕಾಯಬಾರದು.